ದ್ವೀಪದ ಬೋವಾ ಕೇಳಿಕೊಂಡು ಬಂದವಳು

ಗದಗ, ಮರುಮಳೆ ಶಕೆ ೧೪೧, ಹದಿಮೂರನೆಯ ತಿಂಗಳು

ಬೋವಾ ಹಾವುಗಳನ್ನು ಸಾಕಿ, ಮರಿ ಮಾಡಿಸಿ ಮಾರುವ ಹಿರಿಯರೇ,

ನಿಮ್ಮ ಕ್ಯಾಲೆಂಡರಿನಲ್ಲಿ ಹದಿಮೂರನೆಯ ತಿಂಗಳಿಲ್ಲ, ಗೊತ್ತು. ನಿಮ್ಮ ಕಾಲ ಮುಗಿದು ಮಳೆ ದಾರಿ ತಪ್ಪಿದ ಮೇಲೆ ನಾವು ಅದನ್ನು ಸೇರಿಸಿಕೊಳ್ಳಬೇಕಾಯಿತು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟು ಕಂಡರೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ. ಅದು ನಿಮಗೇ ಸೇರಬೇಕಾದ್ದು.

ನನ್ನ ಹೆಸರು ಫಕೀರವ್ವ. ಇಲ್ಲಿನ ಹಾವುಮನೆಯ ತಳಿಗಾರ್ತಿ. ಹಾವುಮನೆ ಎಂದರೆ, ಕಾಡಿನಲ್ಲಿ ಅಳಿದು ನಿಮ್ಮಂಥವರ ಪೆಟ್ಟಿಗೆಗಳಲ್ಲಷ್ಟೇ ಉಳಿದುಕೊಂಡ ಹಾವುಗಳ ಸಂತಾನವನ್ನು ಕಾಯುವ ಜಾಗ. ಯಾವ ಹಾವು ಯಾವ ನೆಲದ್ದು, ಯಾರ ಮರಿ ಎಂದು ಹೇಳಬೇಕಾದವಳು ತಳಿಗಾರ್ತಿ. ಬೆಳಿಗ್ಗೆ ರೊಟ್ಟಿ ತಿಂದು ಒಳಗೆ ಹೋಗಿ ಬಿಸಿಗಲ್ಲುಗಳನ್ನು ಅಂಗಳಕ್ಕೆ ಸಾಗಿಸುತ್ತೇವೆ. ಹಗಲೆಲ್ಲ ಬಿಸಿಲು ಕುಡಿದ ಆ ಕಲ್ಲುಗಳೇ ರಾತ್ರಿ ಗೂಡುಗಳನ್ನು ಬೆಚ್ಚಗಿಡುತ್ತವೆ. ಆಮೇಲೆ ಬಿದ್ದ ಪೊರೆಗಳನ್ನು ನೆನೆಸಿ, ಬಿಡಿಸಿ, ಹೊಟ್ಟೆಯ ಹುರುಪೆ ಎಣಿಸಿ, ಹಾವುಗಳ ಬೆನ್ನಿನ ಪಟ್ಟೆ ನೋಡಿ, ಬಾಲದ ಕೆಂಪು ನೋಡಿ, ಕೊನೆಗೆ ತಲೆ ಚಚ್ಚಿಕೊಳ್ಳುತ್ತೇವೆ. ಯಾಕೆಂದರೆ ಯಾವುದೂ ಯಾವುದಕ್ಕೂ ತಾಳೆಯಾಗುವುದಿಲ್ಲ. ಬಾಲ ಒಂದು ನಾಡಿನದು, ತಲೆ ಇನ್ನೊಂದರದು, ಮೈಗಾತ್ರ ಮೂರನೆಯದರದು. ಸಾಕಪ್ಪಾ ಸಾಕು!

ನಿಮ್ಮ ಕಾಲದಲ್ಲಿ ದೂರದ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ ಬೋವಾದ ಒಂದು ಉಪಜಾತಿ ಇತ್ತು. ಬಡಕಲು ಮೈ, ಮಾಸಿದ ಬಣ್ಣ. ಮರದ ಮೇಲೆಯೇ ಇದ್ದು ಇಲಿ, ಹಕ್ಕಿ ಹಿಡಿದು ತಿನ್ನುತ್ತಿತ್ತು. ಅದನ್ನು ಹಿಡಿದು ತಂದು ಸಾಕಿದಿರಿ. ಸಾಕಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಅದು ನೋಡಲು ಸಪ್ಪೆ ಎಂದು ಹೊರನಾಡಿನ ದೊಡ್ಡ ಕೆಂಬಾಲದ ಬೋವಾ ಜೊತೆ ಕೂಡಿಸಿದಿರಿ. ಹುಟ್ಟಿದ ಮರಿಗಳಲ್ಲಿ ಬಣ್ಣದವನ್ನು ಹೊಸ ‘ಮಾರ್ಫ್’, ಅಂದರೆ ಹೊಸ ಬಣ್ಣದ ಬಗೆ, ಎಂದು ಮಾರಿದಿರಿ. ತಾಯಿಯಂತೆ ಮಾಸಲಾಗಿದ್ದವನ್ನು ಏನು ಮಾಡಿದಿರಿ? ‘ಅಪ್ಪಟ ದ್ವೀಪದ ತಳಿ’ ಎಂದು ಮಾರಿದಿರಿ! ಒಂದೇ ಬಸಿರಿನ ಅಕ್ಕತಂಗಿಯರಿಗೆ ಎರಡೆರಡು ಕುಲ ಕಟ್ಟಿದ ಬುದ್ಧಿವಂತರು ನೀವು.

ಅದನ್ನು ನಂಬಿ ನನ್ನ ಗುರುಗಳು ಮಾಸಲು ಬಣ್ಣದ ಜೋಡಿಗಳನ್ನೇ ಆರಿಸಿ, ಅವುಗಳ ಮರಿಗಳನ್ನು ದ್ವೀಪಕ್ಕೆ ಕಳಿಸಿದ್ದರು. ಅವು ಬೆಳೆದವು. ಬೆಳೆಯುತ್ತಲೇ ಹೋದವು. ಮರದ ಕೊಂಬೆ ತಾಳಲಿಲ್ಲ, ನೆಲಕ್ಕಿಳಿದು ಕೋಳಿ ನುಂಗಿದವು, ನಾಯಿಮರಿ ನುಂಗಿದವು. ದ್ವೀಪದವರು ಮೀನುಬಲೆಯಲ್ಲಿ ಹಿಡಿದು ನಮಗೇ ತಂದೊಪ್ಪಿಸಿದರು. ನನ್ನ ಜೊತೆ ಕೆಲಸ ಮಾಡುವ ದ್ಯಾಮಣ್ಣ ಬುಟ್ಟಿ ಇಳಿಸಿಕೊಳ್ಳುತ್ತ, “ಬರೇ ಬಣ್ಣ ನೋಡಿ ಸೊಸಿ ತಂದಂಗಾತಲ್ರಿ ಅಕ್ಕಾರ” ಎಂದ. ನಗುವ ಹೊತ್ತಲ್ಲ, ಆದರೂ ನಕ್ಕುಬಿಟ್ಟೆ.

ರಕ್ತದಲ್ಲಿ ತಳಿ ಓದಿ ನೋಡಬಾರದೇ ಎಂದು ಕೇಳುತ್ತೀರಿ. ಓದುತ್ತೇವೆ, ಮಹನೀಯರೇ. ಹೋಲಿಸಲು ಒಂದಾದರೂ ಅಸಲಿ ಬೇಡವೇ? ದ್ವೀಪದಲ್ಲಿ ಒಂದೂ ಉಳಿದಿಲ್ಲ. ಸಂಗ್ರಹಾಲಯದ ಸೀಸೆಗಳಲ್ಲಿ ಕಾಪಿಟ್ಟಿದ್ದವು ಮಹಾನೆರೆಯಲ್ಲಿ ಕೊಚ್ಚಿಹೋದವು. ಉಳಿದಿರುವುದು ನೀವು ಹೆಸರಿಟ್ಟು ಮಾರಿದವುಗಳ ಮೊಮ್ಮಕ್ಕಳು ಮಾತ್ರ.

ಹೋದ ವಾರ ದ್ವೀಪದಿಂದ ಮರೀಸಾ ಎಂಬ ಹೆಂಗಸು ಬಂದಳು. ಅಲ್ಲಿ ಇಲಿಗಳು ಮಿತಿಮೀರಿ ತೆಂಗಿನ ಎಳೆಗಾಯಿಯನ್ನೂ ಬಿಡುತ್ತಿಲ್ಲ. ವಿಷ ಹಾಕಿದರೆ ಹಕ್ಕಿಗಳು ಸಾಯುತ್ತವೆ. ಈ ಸಲವೂ ತಮ್ಮ ಹಾವು ಸಿಗದಿದ್ದರೆ ಊರಿಗೆ ಊರೇ ದ್ವೀಪ ಬಿಡುವುದೆಂದು ತೀರ್ಮಾನವಾಗಿದೆಯಂತೆ. ನಮ್ಮಲ್ಲಿ ಚಿಕ್ಕವ್ವ ಎಂಬ ಮುದಿ ಹೆಣ್ಣು ಬೋವಾ ಇದೆ. ವಯಸ್ಸಾದರೂ ಸಣ್ಣಗೇ ಉಳಿದಿದೆ, ಮಾಸಲು ಬಣ್ಣ, ಈಗ ಬಸಿರು. ಮರೀಸಾ ಅದರ ಗೂಡಿನ ಮುಂದೆ ಬಹಳ ಹೊತ್ತು ಕೂತಳು. ಆಮೇಲೆ ನುಡಿಗೊಳವೆಯನ್ನು, ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಗೆ ತಿರುಗಿಸುವ ಕೊಳವೆಯನ್ನು, ಬಾಯಿಗೆ ಹಿಡಿದು ಕೇಳಿದಳು: “ಇದು ನಮ್ಮದಾ, ತಾಯಿ? ಹೌದು ಅಂದ್ರೆ ಮರಿ ಹಾಕೋವರೆಗೂ ಇಲ್ಲೇ ಕಾಯ್ತೀನಿ.”

ಹೌದು ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಮರಿಗಳಲ್ಲಿ ದೊಡ್ಡ ಮೈ ಬಂದರೆ? ಮತ್ತೆ ಅದೇ ಬಲೆ, ಅದೇ ಬುಟ್ಟಿ. ಸುಳ್ಳು ಹೇಳಿ ಕಳಿಸಲೇ? ಅದನ್ನು ನೀವು ಆಗಲೇ ಮಾಡಿ ಮುಗಿಸಿದ್ದೀರಿ. “ಗೊತ್ತಿಲ್ಲವ್ವಾ” ಎಂದೆ. ಅವಳು ತಾನು ತಂದಿದ್ದ ಖಾಲಿ ಬುಟ್ಟಿಯನ್ನು ಎತ್ತಿಕೊಂಡು ಹೊರಟುಹೋದಳು, ಊರಿನವರಿಗೆ ಗಂಟುಮೂಟೆ ಕಟ್ಟಿ ಎಂದು ಹೇಳಲು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಈ ಹೊತ್ತು ನಿಮ್ಮ ಮುಂದಿನ ಪೆಟ್ಟಿಗೆಯಲ್ಲಿ ಮರಿಗಳಿವೆ. ಅವುಗಳ ತಾಯಿ ಪಕ್ಕದ ಪೆಟ್ಟಿಗೆಯಲ್ಲಿ, ತಂದೆ ಅದರಾಚೆ. ಕೊಳ್ಳುವವನು ಫೋನು ಮಾಡಿ ಇದು ಯಾವ ತಳಿ ಎಂದು ಕೇಳುತ್ತಾನೆ. ದಯವಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿ, ಬೆರಕೆಯಾದರೆ ಬೆರಕೆ ಎನ್ನಿ. ‘ಗೊತ್ತಿಲ್ಲ’ ಎಂದು ಮರೀಸಾಳಿಗೆ ನಾನು ಹೇಳಿದ್ದು ನನಗೆ ನಿಜವಾಗಿಯೂ ಗೊತ್ತಿಲ್ಲದ್ದರಿಂದ. ನಿಮಗೆ ಗೊತ್ತಿದೆ.

ಫಕೀರವ್ವ