ಬಚ್ಚಲ ನೀರು ಬಾಗಿಲಿಗೆ

ಡೊಂಬಿವಲಿ ಪೂರ್ವ
೨೩ ಫೆಬ್ರವರಿ ೨೦೨೫, ರವಿವಾರ

ಪ್ರೀತಿಯ ಅವ್ವಾ,

ನಿನ್ನ ನಾಗವೇಣಿಯ ನಮಸ್ಕಾರ. ಮೊಣಕಾಲು ಹೇಗಿದೆ? ಬಿ.ಪಿ. ಗುಳಿಗೆ ತಪ್ಪಿಸುತ್ತಿಲ್ಲ ತಾನೇ? ಸೀವುಡ್ಸ್‌ನಲ್ಲಿ ಜೋಳದ ಹಿಟ್ಟು ಸಿಗುತ್ತದೆಯೋ ಇಲ್ಲವೋ ಎಂಬ ಚಿಂತೆ ನನಗೆ. ಅವರದು ಕುಚ್ಚಲಕ್ಕಿ ಉಣ್ಣುವ ಮನೆ, ನಿನಗೋ ರೊಟ್ಟಿ ಇಲ್ಲದ ಊಟ ಊಟವೇ ಅಲ್ಲ. ಸಿಗದಿದ್ದರೆ ಹೇಳು, ಇಲ್ಲಿಂದ ಬೀಸಿಸಿ ಕಳಿಸುತ್ತೇನೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿನ್ನ ಮದುವೆಯಾದಾಗಿನಿಂದ ನಾವಿಬ್ಬರೂ ಫೋನಿನಲ್ಲಿ ‘ಊಟಾತೇನು, ಆತು, ಇಡ್ತೀನಿ’ ಎನ್ನುವುದನ್ನು ದಾಟಿ ಮುಂದೆ ಹೋಗಿಲ್ಲ. ಅದಕ್ಕೇ ಕಾಗದ ಹಿಡಿದಿದ್ದೇನೆ. ಬೆರಳೆಲ್ಲ ಸಿಮೆಂಟು ತಿಂದು ಬಿರಿದಿದೆ, ಅಕ್ಷರ ಸೊಟ್ಟಗೆ ಕಂಡರೆ ಬೈಯಬೇಡ.

ಬಚ್ಚಲಿನ ಕೆಲಸ ಮಿಸ್ತ್ರಿ ಮಾಡುತ್ತಿದ್ದಾನೆ ಎಂದು ನಿನಗೆ ಹೇಳಿದ್ದೆನಲ್ಲ, ಯಾವ ಮಿಸ್ತ್ರಿ, ಎಲ್ಲಿಯ ಮಿಸ್ತ್ರಿ! ಕೆಳಗಿನ ಮನೆಯ ಕಾಕೂ ಅವರ ಛತ್ತಿನಿಂದ ನೀರು ತೊಟ್ಟಿಕ್ಕುತ್ತದೆ ಎಂದು ಸೊಸೈಟಿಯವರು ಗಂಟುಬಿದ್ದ ಮೇಲೆ ರಿತೇಶ್ ಎಂಬ ಮಹಾಶಯನನ್ನು ಕರೆಸಿದೆ. ಬಂದ, ನೆಲ ಒಡೆದ, ಗೋಡೆಯನ್ನು ಸೊಂಟದ ಮಟ್ಟಕ್ಕೆ ಕೆತ್ತಿದ, ಮಣ್ಣೆಲ್ಲ ಗೋಣಿಚೀಲಕ್ಕೆ ತುಂಬಿ ಜಿನೆಯ ಮೆಟ್ಟಿಲ ಮೇಲೆ ಒಟ್ಟಿದ, ‘ದೋ ದಿನ್ ಮೇ ಆತಾ ಹೂಂ ದೀದಿ’ ಎಂದು ಹೋದ. ಹೋದವನು ಹೋದನೇ. ಮೊದಮೊದಲು ಅವನ ಫೋನು ರಿಂಗಾಗುತ್ತಿತ್ತು, ಆಮೇಲೆ ಅದೂ ಇಲ್ಲ. ಬೇರೆ ಮಿಸ್ತ್ರಿಗಳು ಬರುತ್ತಾರೆ, ಬಾಗಿಲಲ್ಲಿ ನಿಂತು ಇಣುಕುತ್ತಾರೆ, ‘ದೂಸರೇ ಕಾ ಕಾಮ್ ಹೈ’ ಎಂದು ಮೂಗು ಮುರಿದು ಹೋಗುತ್ತಾರೆ. ಇನ್ನೊಬ್ಬ ಒಡೆದದ್ದನ್ನು ಮುಟ್ಟಿದರೆ ಅವರಿಗೆ ಮೈಲಿಗೆ. ನಾನು ಟವೆಲು ಹೆಗಲಿಗೆ ಹಾಕಿಕೊಂಡು ದಿನಾ ಬೆಳಿಗ್ಗೆ ಕಾಕೂ ಮನೆಗೆ ಸ್ನಾನಕ್ಕೆ ಇಳಿಯಬೇಕು, ಅವರು ದಿನಾ ‘ಝಾಲಂ ಕಾ ಗಂ?’ ಎಂದು ಕೇಳಬೇಕು, ನಾನು ‘ಆಗಿಲ್ಲ’ ಎನ್ನಬೇಕು. ಸಾಕಾಗಿ ಹೋಯಿತು. ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ.

ಮೊಬೈಲಿನ ವಿಡಿಯೋದಲ್ಲಿ ಉಗುರಿಗೆ ಬಣ್ಣ ಹಚ್ಚಿಕೊಂಡ ಹುಡುಗಿಯೊಬ್ಬಳು ಟೈಲ್ಸ್‌ಗಳನ್ನು ಹಪ್ಪಳ ಒಣಹಾಕಿದ ಹಾಗೆ ಸಾಲಾಗಿ ಇಡುತ್ತಾಳೆ, ಇಟ್ಟು ನಗುತ್ತಾಳೆ. ಅವಳು ಕೈಗೆ ಸಿಕ್ಕರೆ ಕೇಳುವುದು ಬಹಳ ಇದೆ. ನಾನು ಇಟ್ಟ ಮೊದಲ ಸಾಲು ಡೊಂಬಿವಲಿಯಿಂದ ಹೊರಟು ಕಲ್ಯಾಣದ ಕಡೆಗೆ ತಿರುಗಿಕೊಂಡಿತು. ನಲ್ಲಿ ಬರುವ ಕಡೆ ಟೈಲ್ಸ್‌ಗೆ ದುಂಡಗೆ ತೂತು ಕೊರೆಯಬೇಕಲ್ಲ, ಕೊರೆದದ್ದೆಲ್ಲ ಒಡೆಯಿತು. ಆಫೀಸಿನಲ್ಲಿ ನನ್ನ ತಲೆಕೂದಲಿಂದ ಸುಣ್ಣ ಉದುರುವುದನ್ನು ನೋಡಿ ನಗಾಡಿದರು.

ಅಂಥ ಹೊತ್ತಿನಲ್ಲಿ, ಇಲ್ಲಿಯ ಕಪಾಟಿನಿಂದ ನಿನ್ನ ಡಾಕ್ಟರ ಫೈಲು ತರಲಿಕ್ಕೆ ಎಂದು ನೀನು ಅವರನ್ನು ಕಳಿಸಿದೆ. ಅವ್ವಾ, ಗುರುವಪ್ಪನವರನ್ನು ನಾನು ಏನೆಂದು ಕರೆಯಬೇಕು? ಅಪ್ಪ ಹೋಗಿ ಇಷ್ಟು ವರ್ಷವಾದ ಮೇಲೆ ನೀನು ಮಾಡಿಕೊಂಡ ಮದುವೆಗೆ ಥಾಣೆಯ ನೋಂದಣಿ ಕಚೇರಿಯಲ್ಲಿ ನಾನೇ ಸಾಕ್ಷಿ ಸಹಿ ಹಾಕಿದೆ, ನಿಜ. ಸಹಿ ಹಾಕಿದ ಮೇಲೆ ಮದುವೆ ಗಂಡನ್ನು ಏನೆಂದು ಕರೆಯಬೇಕು ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. ‘ಏನ್ರೀ’ ಎಂದರೆ ಹೆಂಡತಿ ಗಂಡನನ್ನು ಕರೆದ ಹಾಗಾಗುತ್ತದೆ. ಆದ್ದರಿಂದ ಕೆಮ್ಮಿ ಕರೆಯುತ್ತೇನೆ. ಅವತ್ತು ಅವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು, ನೀರು ಕುಡಿದರು, ‘ಸ್ವಲ್ಪ ಕೈಕಾಲು ತೊಳೀಬೇಕಿತ್ತಲ್ಲ’ ಎಂದರು. ನಾನು ಬಚ್ಚಲಲ್ಲಿ ಒಟ್ಟಿದ್ದ ಮರಳಿನ ಗುಡ್ಡೆ ತೋರಿಸಿದೆ. ‘ಇದೆಂತ ಅವಸ್ಥೆ ಮಾರಾಯ್ತಿ!’ ಎಂದು ಬಾಯಿ ತೆರೆದವರು ಫೈಲನ್ನೂ ಮರೆತು ನಿಂತುಬಿಟ್ಟರು. ಮುಂದಿನ ರವಿವಾರ ಹಳೇ ಪ್ಯಾಂಟು ಹಾಕಿಕೊಂಡು, ತಲೆಗೆ ಬೈರಾಸು ಸುತ್ತಿಕೊಂಡು ಬಾಗಿಲಲ್ಲಿ ಹಾಜರು. ನಿನಗೆ ಡೊಂಬಿವಲಿಯಲ್ಲಿ ತಾಳಮದ್ದಳೆ ಇದೆ ಎಂದು ಹೇಳಿ ಬರುತ್ತಿದ್ದರಂತೆ. ಪ್ರತಿ ರವಿವಾರವೂ ತಾಳಮದ್ದಳೆ ಇರುತ್ತದೆಯೇ ಅವ್ವಾ? ನಿನಗೆ ಅನುಮಾನವಾದರೂ ಬರಬಾರದೇ?

ಸಹಾಯಕ್ಕೆ ಬಂದರು ಎಂದುಕೊಂಡೆಯಾ? ಜೀವಮಾನವೆಲ್ಲ ಕಲ್ಯಾಣದ ಹೋಟೆಲಿನ ಗಲ್ಲೆಯ ಮೇಲೆ ಕೂತ ಮನುಷ್ಯ, ಕರಣೆಯ ಯಾವ ತುದಿ ಹಿಡಿಯಬೇಕು ಎಂಬುದೂ ಗೊತ್ತಿಲ್ಲ. ನನಗೆ ಬೇಕಾದ ಒಂದೇ ಬಕೀಟನ್ನು ಮಗುಚಿ ಅದರ ಮೇಲೆ ಕೂರುತ್ತಾರೆ. ಟೈಲ್ಸ್ ಅಂಟಿಸುವ ಪುಡಿ ಕಲಸುವಾಗ ‘ನೀರುದೋಸೆಯ ಹಿಟ್ಟಿನ ಹಾಗೆ ಇರ್ಬೇಕು, ನನಗೆ ಹೇಳ್ಬೇಡ’ ಎಂದು ಹೊಯ್ದರು ನೋಡು ನೀರು, ಅಂಟಿಸಿದ ಟೈಲ್ಸ್ ನಮ್ಮ ಕಣ್ಣೆದುರೇ ಒಂದೊಂದಾಗಿ ಜಾರಿ ಕೆಳಗೆ ಕೂತವು. ‘ನೀವು ಸರೀರಿ’ ಎಂದು ನಾನು ರೊಟ್ಟಿ ಹಿಟ್ಟಿನ ಹಾಗೆ ಗಟ್ಟಿಯಾಗಿ ನಾದಿದೆ. ಅದು ಡಬ್ಬದಲ್ಲೇ ಕಲ್ಲಾಯಿತು, ಕರಣೆ ಅದರಲ್ಲೇ ನೆಟ್ಟಗೆ ನಿಂತಿತು. ಗಲಾಟೆ ಕೇಳಿ ಮೇಲೆ ಬಂದ ಕಾಕೂ ಹಣೆ ಹಣೆ ಬಡಿದುಕೊಂಡು ‘ಅಗ ಬಾಯೀ, ಶ್ರೀಖಂಡಾಸಾರಖಂ ಪಾಹಿಜೆ!’ ಎಂದರು. ದೋಸೆಯೂ ಅಲ್ಲ, ರೊಟ್ಟಿಯೂ ಅಲ್ಲ, ಶ್ರೀಖಂಡದ ಹಾಗೆ ಇರಬೇಕಂತೆ. ಅವರೂ ಟೈಲ್ಸ್ ಕೆಲಸ ಕಂಡವರಲ್ಲ, ಬಾಯಿಗೆ ಬಂದದ್ದು ಹೇಳಿದರು. ಆದರೆ ಆ ಹದಕ್ಕೆ ಗೋಡೆಯ ಟೈಲ್ಸ್ ನಿಂತವು.

ನೆಲ ಮಾತ್ರ ನಮ್ಮ ಮರ್ಯಾದೆ ತೆಗೆಯಿತು. ನೀರು ತಡೆಯುವ ಬಣ್ಣ ಬಳಿದು, ಒಣಗಿಸಿ, ಮಂಡಿಯೂರಿ ಒಂದೊಂದೇ ಟೈಲ್ಸ್ ಕೂರಿಸಿದೆವು. ನೆಲ ಕೇರಂ ಬೋರ್ಡಿನ ಹಾಗೆ ಮಟ್ಟಸವಾಗಿ ಕಂಡಾಗ ಇಬ್ಬರಿಗೂ ಎಂಥ ಹಿಗ್ಗು! ಬಚ್ಚಲಿನ ನೆಲ ಮಟ್ಟಸವಾಗಿರಬಾರದು, ನೀರು ಹೋಗುವ ಜಾಳಿಯ ಕಡೆಗೆ ಇಳಿಜಾರು ಇರಬೇಕು ಎಂಬುದು ಇಬ್ಬರ ತಲೆಗೂ ಹೋಗಿರಲಿಲ್ಲ. ಚೆನ್ನಾಗಿ ಒಣಗಿದ ಮೇಲೆ ಒಂದು ಬಕೀಟು ನೀರು ಸುರಿದೆ. ನೀರು ಸ್ವಲ್ಪ ಹೊತ್ತು ಅಲ್ಲೇ ಯೋಚಿಸಿತು, ಆಮೇಲೆ ಜಾಳಿಗೆ ಬೆನ್ನು ಹಾಕಿ ನೇರ ಬಾಗಿಲಿಗೆ ಬಂತು. ಹೊಸ್ತಿಲು ದಾಟಿ, ಹಾಲಿಗೆ ನುಗ್ಗಿ, ನೆಲದ ಮೇಲೆ ಹಾಸಿದ್ದ ನನ್ನ ಗಾದಿಯ ಕೆಳಗೆ ಹೋಯಿತು.

ನನಗೆ ಎಲ್ಲಿತ್ತೋ ಸಿಟ್ಟು. ‘ಯಾರು ಕರದಿದ್ರು ನಿಮಗ? ನಮ್ಮವ್ವಗ ಕರ್ಕೊಂಡು ಹೋದ್ರಿ, ಸಾಲಲಿಲ್ಲೇನು? ಈಗ ಇಲ್ಲಿ ಬಂದು ನಮ್ಮಪ್ಪ ಆಗ್ಲಾಕ ನೋಡ್ತೀರೇನು?’ ಎಂದು ಅಂದುಬಿಟ್ಟೆ. ಹೌದು ಅವ್ವಾ, ಅಂದೆ. ತಲೆ ತಗ್ಗಿಸಿ ಚೀಲ ಎತ್ತಿಕೊಂಡು ಹೋಗುತ್ತಾರೆ ಎಂದುಕೊಂಡೆ. ಎಲ್ಲಿ! ಕೈಯಲ್ಲಿದ್ದ ವೈಪರನ್ನು ಬೀಸಿ ಒಗೆದು ನನಗಿಂತ ಜೋರಾಗಿ ಕೂಗಿದರು. ‘ಅಪ್ಪ ಆಗ್ಲಿಕ್ಕೆ ಯಾರು ಬಂದದ್ದು? ಈ ಪ್ರಾಯದಲ್ಲಿ ನಿನ್ನ ಹತ್ರ ಬೈಗಳು ತಿನ್ಲಿಕ್ಕೆ ನನಗೆಂತ ಮರ್ಲಾ? ನಾನು ಟೈಲ್ಸ್ ಹಾಕ್ಲಿಕ್ಕೆ ಬಂದದ್ದು. ಅದೂ ಸಮ ಆಗ್ಲಿಲ್ಲ, ಸಾಯ್ಲಿ ಅತ್ಲಾಗೆ!’ ಎಂದು ಶುರುಮಾಡಿ, ಉಳಿದದ್ದನ್ನೆಲ್ಲ ತುಳುವಿನಲ್ಲಿ ಬೈದರು. ಅರ್ಥವಾಗದ್ದೇ ಒಳ್ಳೆಯದಾಯಿತು. ಅಷ್ಟರಲ್ಲಿ ನೀರು ಅಡುಗೆಮನೆಯ ಕಡೆ ಹೊರಟಿತ್ತು. ಜಗಳ ಬಿಟ್ಟು ಇಬ್ಬರೂ ಬಟ್ಟೆ ಹಿಡಿದು ನೆಲಕ್ಕೆ ಬಗ್ಗಿದೆವು. ಒರೆಸಿ ಹಿಂಡಿ, ಒರೆಸಿ ಹಿಂಡಿ, ಸಿಟ್ಟು ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ. ನನ್ನ ಗಾದಿಯನ್ನು ಅವರೇ ಹೊತ್ತು ಟೆರೇಸಿಗೆ ಒಯ್ದು ಒಣಹಾಕಿ ಬಂದರು. ನಾನು ಚಹಾ ಇಟ್ಟೆ. ಹೋಗುವಾಗ ‘ಮುಂದಿನ ವಾರ ಉಳಿ ತರ್ತೇನೆ, ಎಲ್ಲ ಕಿತ್ತು ಹಾಕುವ’ ಎಂದರು.

ಕಿತ್ತೆವು. ನಾವೇ ಅಂಟಿಸಿದ್ದನ್ನು ನಾವೇ ಕೀಳುವಾಗ ಆಗುವ ಸಂಕಟ ಯಾರಿಗೂ ಬೇಡ, ಅದರಲ್ಲೂ ಈ ಸಲ ಅವು ಬಹಳ ಗಟ್ಟಿಯಾಗಿ ಅಂಟಿದ್ದವು. ಮತ್ತೆ ಬಣ್ಣ ಬಳಿದು, ಹುರಿ ಕಟ್ಟಿ ಇಳಿಜಾರು ನೋಡಿ, ಹೊಸದಾಗಿ ಹಾಕಿದೆವು. ಇವತ್ತು ನಾನು ನೀರು ಸುರಿದೆ, ಅವರು ಉಕ್ಕುವ ಹಾಲು ಕಾಯುವವರ ಹಾಗೆ ಜಾಳಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ‘ಹೋಯ್ತು, ಹೋಯ್ತು!’ ಎಂದು ಅವರು ಕೂಗಿದ ರಭಸಕ್ಕೆ ಕಾಕೂ ಗಾಬರಿಯಾಗಿ ಓಡಿಬಂದರು. ಒಂದು ಮೂಲೆಯಲ್ಲಿ ಇನ್ನೂ ಅಂಗೈಯಷ್ಟು ನೀರು ನಿಲ್ಲುತ್ತದೆ. ನಿಲ್ಲಲಿ, ನಾನಂತೂ ಮತ್ತೆ ಕೀಳುವುದಿಲ್ಲ. ಕಾಕೂ ಛತ್ತು ಒಣಗಿದೆ, ನಮ್ಮನೆಯ ಬಚ್ಚಲಲ್ಲೇ ನಾನು ತಲೆಗೆ ನೀರು ಹಾಕಿಕೊಂಡೆ.

ಅವರಿಗೆ ಸೊಂಟ ಹಿಡಿದಿದೆ, ಕೇಳಿದರೆ ಇಲ್ಲ ಅನ್ನುತ್ತಾರೆ. ಎಣ್ಣೆ ಬಿಸಿಮಾಡಿ ತಿಕ್ಕು. ತಾಳಮದ್ದಳೆಯ ಸುಳ್ಳಿಗೆ ಬೈಯುವುದು ಬಿಡುವುದು ನಿನಗೆ ಬಿಟ್ಟದ್ದು, ನನ್ನ ಪಾಲಿನದು ಬೈದು ಮುಗಿದಿದೆ. ಈ ಪತ್ರವನ್ನು ಅವರ ಕೈಯಲ್ಲೇ ಕೊಡುತ್ತಿದ್ದೇನೆ, ಒಡೆದು ಓದುವವರಲ್ಲ. ಮೊಣಕಾಲಿನ ಕಡೆ ಜ್ವಾಕಿ. ಶರಣಬಸಪ್ಪ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಅವರಿಗೂ ನಮಸ್ಕಾರ ಹೇಳು ಎಂದು ಬರೆಯೋಣವೆಂದರೆ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದಾರೆ.

ನಿನ್ನ ಮಗಳು,
ನಾಗಿ

ತಾ.ಕ.: ಅವರು ಚಪ್ಪಲಿ ಮೆಟ್ಟುತ್ತಿದ್ದಾರೆ, ಗಡಬಡಿಸಿ ಬರೆಯುತ್ತೇನೆ. ಅವತ್ತು ನೆಲ ಒರೆಸುತ್ತ ಅವರು ಇನ್ನೊಂದು ಮಾತು ಹೇಳಿದರು, ಮೇಲೆ ಬರೆಯಲಾಗಲಿಲ್ಲ. ಅಲ್ಲಿ ನಿನಗೆಂದು ಅವರು ಖಾಲಿ ಮಾಡಿಕೊಟ್ಟ ಕಪಾಟು ಇನ್ನೂ ಖಾಲಿಯೇ ಇದೆಯಂತೆ. ಉಟ್ಟ ಸೀರೆ ಒಗೆದು ಒಣಗಿಸಿ ಮಡಚಿ ಮತ್ತೆ ಟ್ರಂಕಿಗೇ ಇಡುತ್ತೀಯಂತೆ. ಯಾಕೆಂದರೆ ‘ನಾಗಿ ಬಾ ಅಂದ್ರ ಹೋಗಬೇಕಲ್ರಿ’ ಎನ್ನುತ್ತೀಯಂತೆ. ಅವ್ವಾ, ಬಾ ಅನ್ನುತ್ತಿದ್ದೇನೆ. ಬರುವ ಶನಿವಾರ ಇಬ್ಬರೂ ಬನ್ನಿ, ಉಳಿದು ಹೋಗಿ. ಆದರೆ ಮೊದಲು ಆ ಟ್ರಂಕು ಬಿಚ್ಚಿ ಸೀರೆಗಳನ್ನೆಲ್ಲ ಕಪಾಟಿನಲ್ಲಿ ಜೋಡಿಸು. ಇಲ್ಲಿಗೆ ಕೈಚೀಲದಲ್ಲಿ ಒಂದು ಸೀರೆ ತಂದರೆ ಸಾಕು.