ದೂರದ ಅಂಗಡಿಗಳಿಗೆ ನನ್ನ ದರ

ಅಕ್ಕಾ,

ಕೆಲಸದಿಂದ ಬಂದು, ಕೈಕಾಲು ತೊಳೆದು, ಎದುರಿನ ಕುರ್ಚಿಯ ಮೇಲೆ ಕಾಲು ಚಾಚಿ ಕೂತ ಮೇಲೆಯೇ ಇದನ್ನು ಓದು. ಅಂಗಡಿಯಲ್ಲಿ ನಿಂತುಕೊಂಡು ಅವಸರದಲ್ಲಿ ಓದಬೇಡ. ಫೋನಿನಲ್ಲೇ ಹೇಳಬಹುದಿತ್ತು, ನಿಜ. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಊಟ ಆಯ್ತಾ?" ಎಂದು ಕೇಳುತ್ತೀಯ, ನಾನು "ಆಯ್ತು" ಅನ್ನುತ್ತೇನೆ, ಹೇಳಬೇಕಾದದ್ದು ಗಂಟಲಲ್ಲೇ ಉಳಿದುಬಿಡುತ್ತದೆ. ಅಮ್ಮ ಹೋದ ಮೇಲೆ ಹಾಸ್ಟೆಲಿನಲ್ಲೇ ಬೆಳೆದವಳು ನಾನು. ಮನಸ್ಸಿನ ಮಾತನ್ನು ಬರೆದೇ ಅಭ್ಯಾಸ. ನಡುನಡುವೆ ಇಂಗ್ಲಿಷ್ ನುಗ್ಗಿದರೆ ಸಹಿಸಿಕೊ.

ವಿಷಯ ಇಷ್ಟೇ. ನೀನು ಭಾನುವಾರದ ಡ್ಯೂಟಿ ಬಿಡಬೇಕು.

ವಾರವಿಡೀ ಚಪ್ಪಲಿ ಅಂಗಡಿಯಲ್ಲಿ ನಿಂತು, ಬಗ್ಗಿ, ಯಾರ್ಯಾರದೋ ಕಾಲಿಗೆ ಶೂ ತೊಡಿಸಿ, ರಜೆಯ ದಿನವೂ ಹೋಗಿ ನಿಲ್ಲುವುದು ನನ್ನ ಮೆಸ್ ಫೀಸಿಗಾಗಿ ಎಂದು ನನಗೆ ಗೊತ್ತು. ನೀನಾಗಿ ಹೇಳಲಿಲ್ಲ. "ಮನೇಲಿ ಕೂತು ಏನ್ ಮಾಡ್ಲಿ, ಬೋರಾಗುತ್ತೆ ಕಣೇ" ಅಂದಿದ್ದೆ. ಬೋರಾಗುವವರು ಸಂಜೆ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು, ಯಾರೂ ಮಾತಾಡಿಸಬಾರದು ಎನ್ನುವಂತೆ ಕಣ್ಣು ಮುಚ್ಚಿ ಕೂರುವುದಿಲ್ಲ. ರಜೆಗೆ ಬಂದಾಗ ಬಾಗಿಲ ಸಂದಿಯಿಂದ ನೋಡಿದ್ದೇನೆ. ನಿನ್ನ ಚಪ್ಪಲಿಯಲ್ಲಿ ಹಿಮ್ಮಡಿಯ ಅಡಿಗೆ ಶೂ ಡಬ್ಬಿಯ ರಟ್ಟು ಕತ್ತರಿಸಿ ಮಡಚಿಟ್ಟುಕೊಂಡಿದ್ದನ್ನೂ ನೋಡಿದ್ದೇನೆ.

ಅದಕ್ಕೇ ಕಾಲೇಜು ಸೇರಿದ ಸ್ವಲ್ಪ ದಿನಕ್ಕೇ ಒಂದು ಕೆಲಸ ಹಿಡಿದೆ. ಹೆಸರು ಕೇಳಿದರೆ ನೀನು ಉರಿದುಬೀಳುತ್ತೀಯ. ಮಿಸ್ಟರಿ ಶಾಪರ್. ನಿಮ್ಮ ಅಂಗಡಿಯವರ ಬಾಯಲ್ಲಿ ಹೇಳುವುದಾದರೆ 'ಕಳ್ಳ ಗಿರಾಕಿ'. ಕಂಪನಿಯವರು ಕಳಿಸಿದ ಅಂಗಡಿಗೆ ಮಾಮೂಲಿ ಗಿರಾಕಿಯ ಹಾಗೆ ಹೋಗಬೇಕು. ಒಳಗೆ ಕಾಲಿಟ್ಟಾಗ ಯಾರಾದರೂ ಮಾತಾಡಿಸಿದರೇ, ಕೇಳಿದ ಸೈಜ್ ಹುಡುಕಿ ತಂದರೇ, ಬಿಲ್ ಕೊಟ್ಟರೇ, ಕನ್ನಡಿ ಒರೆಸಿದೆಯೇ, ಎಲ್ಲ ನೋಡಿಕೊಂಡು ಬಂದು ರಿಪೋರ್ಟ್ ಬರೆಯಬೇಕು. ಯಾರಿಗೂ ಹೇಳುವ ಹಾಗಿಲ್ಲ. ನಿನಗೆ ಹೇಳದೇ ಇದ್ದುದಕ್ಕೆ ಅದು ಅರ್ಧ ಕಾರಣ. ಇನ್ನರ್ಧ ಕಾರಣ ನಿನಗೇ ಗೊತ್ತು. ಕಳೆದ ವರ್ಷ ಒಬ್ಬ ಕಳ್ಳ ಗಿರಾಕಿಯ ದೆಸೆಯಿಂದ ನಿನ್ನ ಇನ್ಸೆಂಟಿವ್ ಹೋಯಿತಲ್ಲ, 'ಕೌಂಟರಿನ ಹುಡುಗಿ ನಗಲಿಲ್ಲ, ಫೋನ್ ನೋಡುತ್ತಿದ್ದಳು' ಎಂದು ಬರೆದಿದ್ದರಲ್ಲ. ತಾನು ಬಂದಿದ್ದೆನೆಂದು ಅವರು ಬರೆದ ಮಧ್ಯಾಹ್ನ ನಿಮ್ಮ ಅಂಗಡಿ ಶಟರ್ ಎಳೆದುಕೊಂಡು ಸ್ಟಾಕ್ ಎಣಿಸುತ್ತಿತ್ತು! ಆದರೂ ಮ್ಯಾನೇಜರ್ "ರಿಪೋರ್ಟಲ್ಲಿ ಬಂದಿದೆಯಲ್ಲಮ್ಮ, ನಾನೇನ್ ಮಾಡ್ಲಿ" ಅಂದರು. ನೀನು "ಹೋಗ್ಲಿ ಬಿಡು" ಅಂದೆ. ಅವತ್ತು ಅದು ನನಗೆ ಅರ್ಥವಾಗಿರಲಿಲ್ಲ, ಅಷ್ಟು ಹಸಿ ಸುಳ್ಳನ್ನು ಒಬ್ಬರು ಯಾಕೆ ಬರೆಯುತ್ತಾರೆ ಎಂದು.

ಈ ಕೆಲಸಕ್ಕೆ ಬಂದ ಮೇಲೆ ಅರ್ಥವಾಯಿತು. ಇಲ್ಲಿ ಒಂದು ಅಂಗಡಿಗೆ ಇಷ್ಟು ಎಂದು ಒಂದೇ ದರ. ಹಾಸ್ಟೆಲಿನ ಎದುರಿನ ಅಂಗಡಿಗೂ ಅದೇ, ಬಸ್ಸಿನ ಕೊನೆಯ ಸ್ಟಾಪಿನಿಂದ ಆಚೆ ಇರುವ ಅಂಗಡಿಗೂ ಅದೇ. ನನ್ನ ಮೊದಲ ದೂರದ ಅಂಗಡಿಗೆ ನಾನು ಕುಣಿದುಕೊಂಡು ಹೋದೆ. ಬಸ್ ಚಾರ್ಜಿಗೇ ಬಂದ ಹಣವೆಲ್ಲ ಹೋಯಿತು, ಲ್ಯಾಬ್ ತಪ್ಪಿತು, ಸಾಲದ್ದಕ್ಕೆ ಬಿಸಿಲಿಗೆ ತಲೆನೋವು. ನನ್ನ ರೂಮ್‌ಮೇಟ್ ಒಬ್ಬಳಿದ್ದಾಳೆ, ಕಾನೂನು ಓದುತ್ತಾಳೆ, ನಾವೆಲ್ಲ ಲಾಯರ್ ಎಂದೇ ಕರೆಯುವುದು. ಅವಳು ನನ್ನ ಮುಖ ನೋಡಿ, "ನೀನು ಕೆಲಸಕ್ಕೆ ಹೋಗಿದ್ಯಾ, ದಾನ ಮಾಡೋಕೆ ಹೋಗಿದ್ಯಾ?" ಎಂದು ಕೇಳಿದಳು. "ದೂರಕ್ಕೆ ಬೇರೆ ದುಡ್ಡು ಕೇಳು. ಬಾಯಿ ಇದೆ ತಾನೆ?"

ಬಾಯಿ ಇದೆ, ಧೈರ್ಯ ಇಲ್ಲ. ಹಾಗಾಗಿ ಮೇಲ್ ಬರೆದೆ. ಅಕ್ಕಾ, ನಗಬೇಡ. ಹಾಸ್ಟೆಲಿನಲ್ಲಿ ವಾರ್ಡನ್‌ಗೆ ರಜಾ ಅರ್ಜಿ ಬರೆದು ಬರೆದು ಪಳಗಿದ ಕೈ ಇದು. ಬೇರೆ ಥರ ಬರೆಯಲು ಅದಕ್ಕೆ ಬರುವುದೇ ಇಲ್ಲ. ಮಾನ್ಯರೇ ಎಂದು ಶುರು ಮಾಡಿ, ತಮ್ಮ ಅಮೂಲ್ಯ ಸಮಯಕ್ಕೆ ಕ್ಷಮೆ ಕೇಳಿ, ದೂರದ ಪ್ರಯಾಣದಿಂದ ಆಯಾಸವಾಗಿ ತಲೆನೋವು ಬಂದದ್ದನ್ನು ವಿವರಿಸಿ, ಅವರ ಕುಟುಂಬದ ಕ್ಷೇಮವನ್ನೂ ಹಾರೈಸಿ, ಕಟ್ಟಕಡೆಗೆ ದರದ ವಿಷಯ ಎತ್ತಿ, ತಮ್ಮ ವಿಧೇಯ ವಿದ್ಯಾರ್ಥಿನಿ ಎಂದು ಮುಗಿಸಿದ್ದೆ. ಅಂಗಡಿಗಳನ್ನು ಹಂಚುವ ಮೇಡಂ ಅಷ್ಟು ದೂರ ಓದಲೇ ಇಲ್ಲ. ತಲೆನೋವಿನ ಹತ್ತಿರವೇ ನಿಲ್ಲಿಸಿದ್ದರು. "ಆರೋಗ್ಯ ನೋಡಿಕೋ. ಈ ವಾರದ ನಿನ್ನ ಅಂಗಡಿಗಳನ್ನೆಲ್ಲ ಬೇರೆಯವರಿಗೆ ಕೊಟ್ಟಿದ್ದೇನೆ" ಎಂದು ಉತ್ತರ ಬಂತು! ಹೆಚ್ಚು ಕೇಳಲು ಹೋಗಿ ಇದ್ದದ್ದನ್ನೂ ಕಳೆದುಕೊಂಡೆ. ಲಾಯರ್ ಮಂಚದ ಮೇಲೆ ಬಿದ್ದು ಹೊರಳಾಡಿ ನಕ್ಕಳು. ನಾನು ಮುಸುಕು ಹಾಕಿಕೊಂಡು ಅತ್ತೆ.

ಅಳುತ್ತಿದ್ದಾಗ ನಿನ್ನ ಮೆಸೇಜ್ ಬಂತು. ಮೆಸ್ ಫೀಸ್ ಕಳಿಸಿದ್ದೇನೆ, ತಡವಾಯಿತು, ಬೇಜಾರು ಮಾಡಿಕೋಬೇಡ ಎಂದು. ನೀನು ನನ್ನ ಹತ್ತಿರ ಕ್ಷಮೆ ಕೇಳಿದ್ದೆ, ಅಕ್ಕಾ. ನನಗೆ ತಡೆಯಲಾಗಲಿಲ್ಲ. ಎದ್ದು ಮುಖ ತೊಳೆದುಕೊಂಡು ಲಾಯರ್‌ಗೆ ಹೇಳಿದೆ, ನೀನು ಮೇಡಂ ಆಗು, ನಾನು ಕೇಳುತ್ತೇನೆ.

ಅವಳು ಮೇಡಂ ಆದಳು, ಬಲು ಕೆಟ್ಟ ಮೇಡಂ. ದಿಂಬಿಗೆ ಒರಗಿ, ಉಗುರು ನೋಡಿಕೊಳ್ಳುತ್ತಾ, "ಬಜೆಟ್ ಇಲ್ಲಮ್ಮ" ಅನ್ನುವಳು. ನಾನು ನನ್ನ ದರ ಹೇಳುವುದು, ಅವಳು ಸುಮ್ಮನಿರುವುದು, ಆ ಮೌನ ತಾಳಲಾರದೆ ನಾನೇ "ಸ್ವಲ್ಪ ಕಡಿಮೆ ಆದ್ರೂ ಪರ್ವಾಗಿಲ್ಲ" ಎನ್ನುವುದು. ಪ್ರತಿ ಸಲವೂ ಇದೇ ಗತಿ. "ಎದುರಿನವರು ಇನ್ನೂ ಬಾಯಿ ಬಿಟ್ಟಿಲ್ಲ, ನಿನ್ನ ದರ ನೀನೇ ಇಳಿಸ್ತೀಯಲ್ಲೇ! ಇಂಥ ಗಿರಾಕಿ ಸಿಕ್ಕಿದ್ರೆ ನಾನು ಅಂಗಡಿ ಇಡ್ತಿದ್ದೆ" ಎಂದು ರೇಗುವಳು.

ತಿಂಗಳ ಕೊನೆ ಬಂತು. ಯಾರೂ ತೆಗೆದುಕೊಳ್ಳದ ಅಂಗಡಿಗಳು ಫೋನಿನ ಆ್ಯಪಿನಲ್ಲಿ ಕೆಂಪಾಗಿ ಕಾಣುತ್ತವೆ. ಒಂದೇ ರಸ್ತೆಯ ಉದ್ದಕ್ಕೆ ಮೂರು ಅಂಗಡಿ, ಮೂರೂ ದೂರ, ಮೂರೂ ಕೆಂಪು. ತಿಂಗಳೊಳಗೆ ರಿಪೋರ್ಟ್ ಹೋಗದಿದ್ದರೆ ಮೇಡಂಗೇ ಮೇಲಿನವರಿಂದ ಮಾತು. ಇದನ್ನು ಹಿಂದಿನ ತಿಂಗಳುಗಳಲ್ಲೂ ಗಮನಿಸಿದ್ದೆ. ಆದರೆ ಗಮನಿಸಿದ್ದರಿಂದ ಏನು ಮಾಡಬಹುದು ಎಂದು ಹೊಳೆದಿರಲಿಲ್ಲ. ಟೆರೇಸಿನಲ್ಲಿ ಒಣಹಾಕಿದ ಬಟ್ಟೆಗಳ ಮರೆಯಲ್ಲಿ ನಿಂತು ಫೋನ್ ಮಾಡಿದೆ. ಲಾಯರ್ ಪಕ್ಕದಲ್ಲಿ.

"ಹುಷಾರಾದ್ಯಾಮ್ಮ?" ಎಂದರು ಮೇಡಂ. ಅವರ ಹಿಂದೆ ಯಾವುದೋ ಮಗು ಸಾಕ್ಸ್ ಬೇಡವೆಂದು ರಚ್ಚೆ ಹಿಡಿದಿತ್ತು.

"ಹುಷಾರಾಗಿದ್ದೀನಿ ಮೇಡಂ. ಆ ಮೂರು ಅಂಗಡಿ ನಾನು ಮಾಡ್ತೀನಿ. ಒಂದೇ ದಿನ, ಅದೇ ರಾತ್ರಿ ರಿಪೋರ್ಟ್. ಆದ್ರೆ ಮಾಮೂಲಿ ದರಕ್ಕೆ ಆಗಲ್ಲ. ಹೋಗಿ ಬರೋ ಬಸ್ ಚಾರ್ಜ್ ಬೇರೆ, ದೂರಕ್ಕೆ ಅಂತ ಇನ್ನೊಂದು ಅಂಗಡಿಗೆ ಕೊಡೋವಷ್ಟು ದುಡ್ಡು ಬೇರೆ."

"ಎಲ್ಲರಿಗೂ ಒಂದೇ ದರ ಕಣಮ್ಮ. ನಿನಗೆ ಕೊಟ್ರೆ ನಾಳೆ ಎಲ್ಲರೂ ಕೇಳ್ತಾರೆ."

"ಕೇಳ್ಲಿ ಮೇಡಂ."

ಅದು ನನ್ನ ಬಾಯಿಂದಲೇ ಬಂದದ್ದಾ ಎಂದು ನಾನೇ ಬೆಚ್ಚಿದೆ. ಆ ಕಡೆ ಮೌನ. ನನ್ನ ನಾಲಿಗೆ ತುದಿಯಲ್ಲಿ 'ಸ್ವಲ್ಪ ಕಡಿಮೆ ಆದ್ರೂ' ಎನ್ನುವ ಮಾತು ಬಂದು ಕೂತಿತ್ತು. ಲಾಯರ್ ಥಟ್ಟನೆ ನನ್ನ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಅವಳ ಕೈ ಬಟ್ಟೆ ಸೋಪಿನ ವಾಸನೆ ಹೊಡೆಯುತ್ತಿತ್ತು. ನಾನು ಮೂಗಿನಲ್ಲಿ ಉಸಿರಾಡುತ್ತಾ ಕಾದೆ.

"ಬಜೆಟ್ ಇಲ್ಲಮ್ಮ" ಎಂದರು ಮೇಡಂ. ಲಾಯರ್ ಹೇಳಿದ ಹಾಗೆಯೇ, ಅದೇ ರಾಗ. ಆಗ ನನಗೆ ಕಂಡದ್ದು ನಿನ್ನ ಮುಖ, 'ಹೋಗ್ಲಿ ಬಿಡು' ಎಂದಾಗಿನ ಮುಖ. ಲಾಯರ್ ಕೈ ಸರಿಸಿ ಹೇಳಿದೆ.

"ಮೇಡಂ, ನನಗೆ ಗೊತ್ತಿರೋ ಒಂದು ಚಪ್ಪಲಿ ಅಂಗಡಿ ಇದೆ, ದೂರ. ಅಲ್ಲಿಗೆ ಯಾರೋ ಹೋಗಿದ್ದೆ ಅಂತ ರಿಪೋರ್ಟ್ ಬರೆದ್ರು. ಆ ಹೊತ್ತಿಗೆ ಅಂಗಡಿ ಬಾಗಿಲೇ ಹಾಕಿತ್ತು. ಒಬ್ಬರ ಇನ್ಸೆಂಟಿವ್ ಹೋಯ್ತು. ಬಸ್ ಚಾರ್ಜಿಗೂ ಸಾಲದ ದುಡ್ಡು ಕೊಟ್ರೆ ಜನ ಅಷ್ಟು ದೂರ ಹೋಗಲ್ಲ ಮೇಡಂ, ಮನೇಲಿ ಕೂತೇ ಬರೀತಾರೆ. ನಾನು ಹಾಗೆ ಬರೆಯಲ್ಲ. ಹೋಗಿ ನೋಡಿ ಬರೀತೀನಿ. ಹೋಗೋದಕ್ಕೆ ಖರ್ಚಾಗುತ್ತೆ."

ಮಗುವಿನ ಅಳುವೂ ನಿಂತಿತ್ತು. ಸಾಕ್ಸ್ ಹಾಕಿದರೋ ಬಿಟ್ಟರೋ.

"ನೀನು ಯಾವ ಇಯರ್?"

"ಫಸ್ಟ್ ಇಯರ್ ಮೇಡಂ."

"ಫಸ್ಟ್ ಇಯರಲ್ಲೇ ಹೀಗೆ! ಬಸ್ ಚಾರ್ಜ್ ಪೂರ್ತಿ ಕೊಡ್ತೀನಿ, ಟಿಕೆಟ್ ಫೋಟೋ ಕಳಿಸು. ದೂರದ ದುಡ್ಡು ನೀನು ಕೇಳಿದ್ದರಲ್ಲಿ ಮುಕ್ಕಾಲು. ಅದಕ್ಕಿಂತ ಜಾಸ್ತಿ ನನ್ನ ಕೈಲಿಲ್ಲ, ಆಣೆಗೂ."

"ಸರಿ ಮೇಡಂ. ಅದನ್ನೇ ಮೆಸೇಜಲ್ಲಿ ಹಾಕಿಬಿಡಿ."

ಮೇಡಂ ನಕ್ಕರು. ಮೆಸೇಜ್ ಹಾಕಿದರು. ಲಾಯರ್ ಒಣಗಿದ ಬೆಡ್‌ಶೀಟ್ ಎಳೆದು ನನ್ನ ಹೆಗಲಿಗೆ ಶಾಲಿನ ಹಾಗೆ ಹೊದಿಸಿದಳು.

ಹೋಗಿಬಂದೆ. ಮೂರನೆಯ ಅಂಗಡಿಯಲ್ಲಿ ಒಬ್ಬಳೇ ಹುಡುಗಿ. ಬಿಲ್ಲಿಗೂ ಅವಳೇ, ಡಬ್ಬಿ ಇಳಿಸುವುದಕ್ಕೂ ಅವಳೇ. ನಾನು ಒಳಗೆ ಹೋದಾಗ ಅವಳು ತಲೆ ಎತ್ತಲಿಲ್ಲ, ಏಣಿಯ ಮೇಲಿದ್ದಳು. ನಗಲಿಲ್ಲ. ಆದರೆ ನಾನು ತೊಟ್ಟು ನೋಡಿದ ಶೂ ಹೆಬ್ಬೆರಳಿಗೆ ಒತ್ತುತ್ತಿದೆಯೆಂದು ನಾನು ಹೇಳುವ ಮೊದಲೇ ಅವಳಿಗೆ ತಿಳಿಯಿತು. "ಇದು ಬೇಡ, ಸಂಜೆಗೆ ಕಾಲು ನೋಯುತ್ತೆ" ಎಂದು ತಾನೇ ತೆಗೆದಿಟ್ಟಳು. ಅಲ್ಲಿಂದ ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತು ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ಪೂರ್ತಿ ಅಂಕ ಹಾಕಿಬಿಡಲೇ ಎನಿಸಿತು. ಹಾಕಲಿಲ್ಲ ಅಕ್ಕಾ. ಸ್ವಾಗತಿಸಲಿಲ್ಲ ಎಂದೇ ಬರೆದೆ. ಅದರ ಕೆಳಗೆ ಷರಾಕ್ಕೆಂದು ಬಿಟ್ಟ ಜಾಗದಲ್ಲಿ, ಇಡೀ ಅಂಗಡಿಗೆ ಒಬ್ಬಳೇ ಇದ್ದಳು, ಏಣಿಯ ಮೇಲಿದ್ದಳು, ಒತ್ತುವ ಶೂ ಮಾರಲು ಒಪ್ಪಲಿಲ್ಲ ಎಂದೂ ಬರೆದೆ. ಆ ಜಾಗದಲ್ಲಿ ಸಾಮಾನ್ಯವಾಗಿ ಯಾರೂ ಏನೂ ಬರೆಯುವುದಿಲ್ಲವಂತೆ. ಮೇಡಂ ಫೋನ್ ಮಾಡಿ ಕೇಳಿದರು, "ಇಷ್ಟೆಲ್ಲ ನೋಡಿದ್ಯಾ?" ನೋಡುವುದಕ್ಕೇ ತಾನೇ ನಾನು ಅಷ್ಟು ದೂರ ಹೋದದ್ದು.

ಈಗ ತಿಂಗಳ ಕೊನೆಯ ದೂರದ ಅಂಗಡಿಗಳು ನನಗೇ ಬರುತ್ತಿವೆ, ಅದೇ ದರಕ್ಕೆ. ಲ್ಯಾಬ್ ಇಲ್ಲದ ದಿನ ನೋಡಿಯೇ ಒಪ್ಪಿಕೊಳ್ಳುತ್ತೇನೆ, ಓದಿನ ಚಿಂತೆ ಬೇಡ. ನಿಮ್ಮ ಕಂಪನಿಯ ಯಾವ ಅಂಗಡಿಯನ್ನೂ ನಾನು ಮುಟ್ಟುವುದಿಲ್ಲವೆಂದು ಮೇಡಂಗೆ ಹೇಳಿಬಿಟ್ಟಿದ್ದೇನೆ. ಕಾರಣ ಕೇಳಿದರು, ನನ್ನ ಅಕ್ಕ ಅಲ್ಲಿದ್ದಾಳೆ ಅಂದೆ. ಆ ಶಟರ್ ಎಳೆದ ಅಂಗಡಿ ಯಾವುದೆಂದು ಅವರಿಗೆ ಆಗ ಹೊಳೆದಿರಬೇಕು.

ಈ ಟರ್ಮಿನ ಮೆಸ್ ಫೀಸ್ ಕಟ್ಟಿದ್ದೇನೆ. ರಸೀದಿ ಇದರ ಜೊತೆಗಿದೆ. ನೀನು ಕಳಿಸಿದ್ದು ಹಾಗೆಯೇ ವಾಪಸ್ ನಿನ್ನ ಖಾತೆಗೆ ಬಂದಿರುತ್ತದೆ, ನೋಡಿಕೊ. "ಇರ್ಲಿ ಇಟ್ಕೊಳೇ, ಖರ್ಚಿಗೆ ಬೇಕಾಗುತ್ತೆ" ಎಂದು ಮತ್ತೆ ಕಳಿಸಿದರೆ ನಾನೂ ಮತ್ತೆ ಕಳಿಸುತ್ತೇನೆ. ಯಾರು ಮೊದಲು ಸುಸ್ತಾಗುತ್ತಾರೋ ನೋಡೋಣ.

ನಾಳೆ ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಹೋಗಿ ಭಾನುವಾರ ಬರುವುದಿಲ್ಲ ಎಂದು ಹೇಳು. ಕ್ಷಮೆ ಕೇಳಬೇಡ, ತಲೆನೋವು ಅನ್ನಬೇಡ, ಕಾರಣವನ್ನೇ ಕೊಡಬೇಡ. ಅವರು ಸುಮ್ಮನಾದರೆ ನೀನೂ ಸುಮ್ಮನಿರು. ಮನೆಗೆ ಬಂದು ಮಲಗು. ಬೋರಾದರೆ ಆಗಲಿ. ಭಾನುವಾರ ನಿಮ್ಮ ಅಂಗಡಿಗೆ ಗುರುತು ಪರಿಚಯ ಇಲ್ಲದ ಯಾರೋ ಒಬ್ಬಳು, ಬಹುಶಃ ಕಾನೂನು ಓದುವವಳು, ಬಂದು ಶೂ ನೋಡುವ ನೆಪದಲ್ಲಿ ಕೌಂಟರಿನ ಹಿಂದೆ ಇಣುಕಬಹುದು. ಅಲ್ಲಿ ನೀನು ಎಷ್ಟೇ ಚೆನ್ನಾಗಿ ನಗುತ್ತಾ ನಿಂತಿದ್ದರೂ ಅವಳು ನಿನಗೆ ಕೊಡುವುದು ಸೊನ್ನೆ.

ನಿನ್ನ ಕಾಲಿಗೆ ತಂಪಾಗಲಿ, ಕಣ್ಣಿಗೆ ನಿದ್ದೆ ಬರಲಿ.

ಮೆಸ್ಸಿನಲ್ಲಿ ಹೊಟ್ಟೆ ತುಂಬಾ ಉಂಡು, ಇದೀಗ ತಾನೆ ಬಂದು ಬರೆಯಲು ಕೂತ,
ನಿನ್ನ ತಂಗಿ