ಕಡಿದ ಹಾಸು

ಬನಹಟ್ಟಿ
೧೮ ಜನವರಿ ೨೦೨೫

ತಮ್ಮ ಅರುಣನಿಗೆ ಅಕ್ಕ ದಾನಮ್ಮ ಮಾಡುವ ಆಶೀರ್ವಾದ.

ಇಲ್ಲಿ ನಾವೆಲ್ಲ ಆರಾಮ. ಪುಣೆಯ ಚಳಿಯಲ್ಲಿ ನಿನ್ನ ಕೆಮ್ಮು ಹೇಗಿದೆ? ಉತ್ತರ ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಕಾಲೇಜಿನ ಮಾಸ್ತರನಾಗಿಬಿಡುತ್ತೀ, ನಾನು ಎರಡು ಮಾತಾಡುವಷ್ಟರಲ್ಲಿ ನಿನ್ನ ಪಾಠ ಶುರುವಾಗುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಸಂಕ್ರಾಂತಿಯ ಕುಸರೆಳ್ಳು ಡಬ್ಬಿಯಲ್ಲಿದೆ. ಅದು ನಿನ್ನ ಪಾಲು ಎಂದು ಅವ್ವ ನಮ್ಮ ಮನೆಯವರಿಗೂ ಮುಟ್ಟಗೊಡುತ್ತಿಲ್ಲ.

ಜಮಖಂಡಿಯಲ್ಲಿ ನೀನು ಇಟ್ಟಿದ್ದ ಪ್ರದರ್ಶನ ಈಗ ಮುಂಬೈಗೆ ಹೊರಟಿದೆ, ಮಗ್ಗ ಒಯ್ಯಲು ಟೆಂಪೊ ಕಳಿಸುತ್ತೇನೆ, ಅವ್ವನೂ ಬರಲಿ ಎಂದೆಯಲ್ಲ. ಅಲ್ಲಿ ನೀನು ದಿನಾ ಬೆಳಿಗ್ಗೆ ಮಗ್ಗದ ಹಾಸು ಕತ್ತರಿಸುವುದು, ದಿನಾ ಮಧ್ಯಾಹ್ನ ಅವ್ವ ಜನರೆದುರು ಕುಳಿತು ಅದನ್ನು ಕೂಡಿಸುವುದು. ಓದಿ ನನಗೆ ನಗು ಬಂತು, ಆಮೇಲೆ ನಿನ್ನ ಕಾಗದವನ್ನು ಒಲೆಗೆ ಹಾಕಬೇಕೆನಿಸಿತು. ಹಾಸು ಎಂದರೆ ‘ಮಗ್ಗದ ಉದ್ದಕ್ಕೂ ಬಿಗಿದ ಎಳೆಗಳು’ ಎಂದು ನಿನ್ನ ಪ್ರದರ್ಶನದ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದ್ದೀ. ನೇಕಾರರ ಮಗನಿಗೆ ಅಷ್ಟು ನೆನಪಿದೆ. ಅದಕ್ಕೆ ಕತ್ತರಿ ಹಾಕಬಾರದು ಎನ್ನುವುದೊಂದೇ ಮರೆತಿದೆ.

ಆ ಪುಸ್ತಿಕೆಯನ್ನು ಅಕ್ಷರ ಬಿಡದೆ ಓದಿದೆ. ನೂರು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ ಕೆಲವರು ಕಾಫಿ ಅಂಗಡಿಯಲ್ಲಿ ಕುಳಿತು, ಬುದ್ಧಿಯನ್ನು ಬದಿಗಿಟ್ಟು ಕನಸಿನ ಮಾತು ಕೇಳೋಣ ಎಂದರಂತೆ. ಅದಕ್ಕೆ ಸರ್ರಿಯಲಿಸಂ ಎಂದು ಹೆಸರಂತೆ. ಬುದ್ಧಿ ಬದಿಗಿಡಲು ಇಷ್ಟು ದೊಡ್ಡ ಹೆಸರು ಬೇಕೇನೋ? ನಮ್ಮ ಓಣಿಯಲ್ಲಿ ಎಷ್ಟೋ ಮಂದಿ ಹೆಸರಿಲ್ಲದೇ ಮಾಡಿಕೊಂಡಿದ್ದಾರೆ. ಸಾಲ್ವಡಾರ್ ಡಾಲಿ ಎಂಬವನು ಗಡಿಯಾರಗಳನ್ನು ಒಣಹಾಕಿದ ಒದ್ದೆ ಬಟ್ಟೆಯ ಹಾಗೆ ಬಿಡಿಸಿದ, ಮೀಸೆಯನ್ನು ತಿರುವಿ ಮುಗಿಲಿಗೆ ನಿಲ್ಲಿಸಿದ. ಎರಡರಲ್ಲಿ ಮೀಸೆಗೇ ಹೆಚ್ಚು ಕಷ್ಟಪಟ್ಟಂತೆ ಕಾಣುತ್ತದೆ. ಮ್ಯಾಕ್ಸ್ ಅರ್ನ್ಸ್ಟ್ ಹಲಗೆಯ ನೆಲದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದನಂತೆ. ನಾವು ಶಾಲೆಯಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜಿದರೆ ಮಾಸ್ತರರು ಕಿವಿ ಹಿಂಡುತ್ತಿದ್ದರು. ಆಂದ್ರೆ ಮಾಸೋನ್ ಮನಸ್ಸಿಗೆ ತಿಳಿಯದ ಹಾಗೆ ಕೈಯನ್ನು ತನ್ನ ಪಾಡಿಗೆ ಓಡಲು ಬಿಟ್ಟನಂತೆ. ಮಗ್ಗದಲ್ಲಿ ಕುಳಿತವರ ಕೈಯೂ ಹಾಗೇ ಓಡುತ್ತದೆ, ಮನಸ್ಸು ಒಲೆಯ ಮೇಲಿನ ಬೇಳೆಯಲ್ಲಿರುತ್ತದೆ. ಕೊನೆಗೆ ಒಂದು ಸೀರೆಯಾದರೂ ಬರುತ್ತದೆ.

ಇನ್ನೊಂದು ನೋಡಿದೆ. ಆ ಗಂಡಸರ ಚಿತ್ರಗಳಲ್ಲಿ ಹೆಂಗಸರಿಗೆ ತಲೆ ಇದ್ದರೆ ಕೈ ಇಲ್ಲ, ಕೈ ಇದ್ದರೆ ತಲೆ ಇಲ್ಲ, ಮೈಮೇಲೆ ಬಟ್ಟೆಯಂತೂ ಇಲ್ಲವೇ ಇಲ್ಲ. ಹೆಂಗಸರು ಅವರ ಕನಸಿನಲ್ಲಿ ಬರಬೇಕಿತ್ತು, ಪಕ್ಕದಲ್ಲಿ ಕುಳಿತು ಚಿತ್ರ ಬರೆಯುವುದು ಬೇಕಿರಲಿಲ್ಲ. ರೆನೆ ಮ್ಯಾಗ್ರಿಟ್‌ನ ಒಂದು ಚಿತ್ರವನ್ನು ಮಾತ್ರ ಎರಡು ಸಲ ನೋಡಿದೆ. ಗಂಡು ಹೆಣ್ಣು ಇಬ್ಬರೂ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮುತ್ತಿಡುತ್ತಿದ್ದಾರೆ. ಬಟ್ಟೆಯ ನೆರಿಗೆ ತಪ್ಪಿಲ್ಲ. ಒಬ್ಬರ ಮುಖ ಒಬ್ಬರಿಗೆ ಕಾಣದೆಯೂ ಒಂದೇ ಮನೆಯಲ್ಲಿ ಬಾಳಬಹುದು ಎಂದು ಅವನಿಗೆ ತಿಳಿದಿತ್ತು. ಇಷ್ಟು ಒಪ್ಪಿಕೊಂಡೆನೆಂದು ನೀನು ಕೊಬ್ಬಬೇಡ.

ಮೆರೆಟ್ ಓಪನ್‌ಹೈಮ್ ಎಂಬ ಹುಡುಗಿ ಚಹಾದ ಕಪ್ಪು-ಬಸಿಗೆ ತುಪ್ಪಳ ಹೊದಿಸಿದಳೆಂದು ನೀನು ನಮ್ಮ ಮಗ್ಗದ ಲಾಳಿಗೆ ಹೊದಿಸಿದೆ. ಅವಳದ್ದು ಅವಳ ತಲೆಯಿಂದ ಬಂತು, ನಿನ್ನದೂ ಅವಳ ತಲೆಯಿಂದಲೇ ಬಂತು. ಅದರ ಕೆಳಗೆ ‘ಮುಧೋಳ ನಾಯಿಯ ತುಪ್ಪಳ’ ಎಂದು ಬೇರೆ ಬರೆದಿದ್ದೀ! ಮುಧೋಳ ನಾಯಿಯ ಮೈಮೇಲೆ ಹಿಡಿಯಲು ಕೂದಲೆಲ್ಲಿದೆ? ತಿಮ್ಮಾಪುರದ ನಾಯಿ ಸಾಕುವ ಕೇಂದ್ರಕ್ಕೆ ಹೋಗಿ ಒಮ್ಮೆ ಕಣ್ಣಿಂದ ನೋಡಿದ್ದರೂ ಸಾಕಿತ್ತು. ಅದು ಕುರುಬರ ಧರೆಪ್ಪನ ಕುರಿಯ ಉಣ್ಣೆ. ಮೊನ್ನೆ ಅವನು ದಾರಿಯಲ್ಲಿ ನಿಲ್ಲಿಸಿ ಕೇಳಿದ: “ಅಕ್ಕಾರ, ನನ್ನ ಕುರಿಗಿ ನಾಯಿ ಅಂತ ಬರದಾರಂತಲ್ಲ, ಬೀರೇಶ್ವರ ಸಿಟ್ಟ ಆಗೂದಿಲ್ಲೇನ್ರಿ?”

“ಅದು ಸರ್ರಿಯಲಿಸಂ ಐತೆಪಾ” ಎಂದೆ.

“ಹಂಗಂದ್ರ ಏನ್ರಿ?”

“ಸುಳ್ಳ ಹೇಳಿ ಸಿಕ್ಕೊಂಡಾಗ ಹೇಳೂ ಮಾತು” ಎಂದೆ. ಅವನಿಗೆ ಅರ್ಥವಾಯಿತು.

ಪ್ರದರ್ಶನದ ದಿನದ್ದು ನೀನು ಮರೆತಿರಬಹುದು, ನಾನು ಮರೆತಿಲ್ಲ. ‘ಎರಡು ದಿನ ಕೊಡು, ಇದ್ದ ಹಾಗೇ ತಂದು ಇಳಿಸುತ್ತೇನೆ’ ಎಂದು ನೀನು ಅರ್ಧ ನೇಯ್ದ ಸೀರೆಯ ಸಮೇತ ಮಗ್ಗ ಒಯ್ದಿದ್ದೆ. ಅವ್ವನನ್ನು ಕರೆದುಕೊಂಡು ಜಮಖಂಡಿಗೆ ಬಂದು ನೋಡಿದರೆ, ಮಗ್ಗದ ನಡುವೆ ರಬ್ಬರಿನ ಗಡಿಯಾರ ಜೋತುಬಿದ್ದಿದೆ, ಎಳೆಗಳೆಲ್ಲ ಕಡಿದು ನೆಲಕ್ಕೆ ಇಳಿಬಿದ್ದಿವೆ. ಪಕ್ಕದಲ್ಲಿ ಕಾರ್ಡು: ‘ನನ್ನ ತಾಯಿಯ ಮಗ್ಗ, ನನ್ನ ತಾಯಿ ಅರ್ಧಕ್ಕೆ ಬಿಟ್ಟ ಸೀರೆ.’ ನನಗೆ ಅಲ್ಲೇ ನಿನ್ನ ಕೆನ್ನೆಗೆ ಬಿಗಿಯಬೇಕೆನಿಸಿತು.

ಅವ್ವನಿಗೆ ಕಾರ್ಡು ಕಾಣಲಿಲ್ಲ. ಹತ್ತಿರ ಹೋಗಿ ಕೈಯಾಡಿಸಿದಳು.

“ಅಯ್ಯ, ಹಾಸ ಹರದೈತಲ್ಲೋ ಯಪ್ಪಾ! ಟೆಂಪೋದಾಗ ತರೂಮುಂದ ಹರದಿರಬೇಕು.”

ನೀನು ಕತ್ತರಿ ಹಾಕಿದ್ದೀ ಎಂದು ಅವಳ ಊಹೆಗೂ ಬರಲಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದ ಯಾರ ಊಹೆಗೂ ಬರುವುದಿಲ್ಲ. ಸೆರಗು ಸಿಕ್ಕಿಸಿ ಮಗ್ಗದಲ್ಲಿ ಕುಳಿತೇಬಿಟ್ಟಳು. “ಯಾರರ ಚೂರ ಬೂದಿ ಕೊಡ್ರಿ, ಬೆರಳ ಜಾರತಾವು” ಎಂದಳು. ನೋಡಲು ಬಂದಿದ್ದ ಮಲಕಾಜಪ್ಪ ಎಂಬ ಹಿರಿಯರು ಕಿಸೆಯಿಂದ ವಿಭೂತಿ ಉಂಡೆ ತೆಗೆದುಕೊಟ್ಟರು. ಅವ್ವ ಅದನ್ನು ಮೊದಲು ಹಣೆಗೆ ಹಚ್ಚಿಕೊಂಡು, ಆಮೇಲೆ ಬೆರಳಿಗೆ ಹಚ್ಚಿಕೊಂಡು, ತುದಿಗೆ ತುದಿ ಸೇರಿಸಿ ಹೊಸೆಯತೊಡಗಿದಳು.

ನೀನು ಓಡಿ ಬಂದೆ. “ಬ್ಯಾಡ ಯವ್ವಾ, ಅದು ಹಂಗ ಇರಬೇಕು” ಎಂದೆ.

“ಹಂಗ ಹೆಂಗ ಇರತೈತಿ? ಹರದ ಹಾಸ ಬಿಟ್ಟ ಏಳಬಾರದಪಾ.”

ಅಷ್ಟರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮೊಬೈಲುಗಳು ಮೇಲೆದ್ದವು. ನಿನ್ನ ಮುಖ ಬದಲಾದದ್ದನ್ನು ನಾನು ನೋಡುತ್ತಿದ್ದೆ. ಬೇಡ ಬೇಡ ಎನ್ನುತ್ತಿದ್ದವನು ಅವ್ವನ ಹಿಂದೆ ಹೋಗಿ ನಿಂತು, ಅವಳ ಹೆಗಲ ಮೇಲೆ ಕೈಯಿಟ್ಟು, ಇದೇ ನನ್ನ ಕೃತಿಯ ಎರಡನೆಯ ಭಾಗ ಎಂದು ಭಾಷಣ ಮಾಡಿದೆ. ಥೂ! ಉಳಿದದ್ದನ್ನು ಮನೆಯಲ್ಲಿ ಕೂಡಿಸುತ್ತೇನೆ ಎಂದು ನಾನು ಮಾತು ಕೊಟ್ಟ ಮೇಲೆಯೇ ಅವ್ವ ಎದ್ದದ್ದು.

ಈಗ ಉತ್ತರ ಕೇಳು. ಟೆಂಪೊ ಕಳಿಸಬೇಡ, ಮಗ್ಗ ಬರುವುದಿಲ್ಲ. ಆ ಎಳೆಗಳನ್ನು ಕೂಡಿಸಿ ಕೂಡಿಸಿ ನನ್ನ ಸೊಂಟ ಹಿಡಿದಿದೆ. ಅವ್ವ ಬರುವುದಾದರೆ ತಡೆಯುವುದಿಲ್ಲ. “ಮಗಾ ಕರದಾನ, ಹೋಗಬೇಕಲ್ಲ” ಎಂದು ಆಗಲೇ ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆಸಿದ್ದಾಳೆ. ಬಂದು ಕರೆದುಕೊಂಡು ಹೋಗು, ಸಮುದ್ರ ತೋರಿಸು, ಹೊತ್ತಿಗೆ ಸರಿಯಾಗಿ ಊಟ ಹಾಕಿಸು. ಕತ್ತರಿ ಆಡಿಸದೆ ಕೈ ತಡೆಯದಿದ್ದರೆ ನಿನ್ನ ಕಾಲೇಜಿನ ಪರದೆಗಳಿವೆ, ನಿನ್ನ ಪ್ಯಾಂಟುಗಳಿವೆ.

ಆರೋಗ್ಯ ನೋಡಿಕೋ. ಎಷ್ಟು ಬೈದರೂ ನೀನು ನಾನು ಎತ್ತಿ ಆಡಿಸಿದ ಹುಡುಗನೇ. ದೇವರು ನಿನಗೆ ಹೆಸರು ಕೊಡಲಿ, ಹೆಸರಿನ ಜೊತೆ ಸ್ವಲ್ಪ ನಾಚಿಕೆಯನ್ನೂ ಕೊಡಲಿ.

ನಿನ್ನ ಅಕ್ಕ,
ದಾನಮ್ಮ

ತಾ.ಕ.: ಕಾಗದ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಆ ಸೀರೆ ಅವ್ವ ನೇಯ್ದದ್ದಲ್ಲ ಅರುಣಾ, ನಾನು ನೇಯ್ದದ್ದು. ಅವ್ವನ ಕಣ್ಣು ಮಂಜಾಗಿ ವರ್ಷಗಳಾದವು. ‘ನನ್ನ ತಾಯಿಯ ಕೈಕೆಲಸ’ ಎಂದು ನೀನು ಪುಣೆಯಲ್ಲಿ ಹಂಚಿದ ಸೀರೆಗಳೂ ನನ್ನವೇ. ಕಣ್ಣು ಕಾಣದವಳು ಅಷ್ಟು ಸಣ್ಣ ಅಂಚು ಹೇಗೆ ತೆಗೆಯುತ್ತಾಳೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಇರಲಿ, ನಿನ್ನ ಮೇಲೆ ನನಗೆ ಇರುವುದು ಸಿಟ್ಟು ಮಾತ್ರ. ನೋವು ಬೇರೆ. ಆ ದಿನ ಪತ್ರಿಕೆಯಿಂದ ಬಂದ ಹುಡುಗಿಯೊಬ್ಬಳು, “ಅಜ್ಜಿ, ಈ ಸೀರಿ ಯಾರ ನೇಯ್ದಾರ್ರಿ?” ಎಂದು ಕೇಳಿದಳು. ಅವ್ವ ಮಗ್ಗದಿಂದ ಏಳಲು ನನ್ನ ಕೈ ಹಿಡಿದಿದ್ದಳು. “ನಾನ ಯವ್ವಾ. ಮಗಾ ಕೇಳಿದಾ, ಕೊಟ್ಟೇನಿ” ಎಂದಳು. ನಾನು ಬಾಯಿ ಬಿಟ್ಟರೆ ಮಗನ ಮಾತು ಸುಳ್ಳಾಗುತ್ತದಲ್ಲ ಎಂದು, ಹೇಳುವಾಗಲೇ ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿದಳು. ಅದು ಯಾರ ಕೈ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.